ಕಂಪ್ಯಾಷನ್: ಕೊಳೆಗೇರಿಯ ಮಗುವಿಗೆ ಚರ್ಚಿನ ಆಸರೆ

ಕಂಪ್ಯಾಷನ್ ಇಂಟರ್‌ನ್ಯಾಷನಲ್ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಕೇಂದ್ರ ಕಚೇರಿ ಇರುವ ಕ್ರೈಸ್ತ ಸೇವಾಸಂಸ್ಥೆ. ಆಫ್ರಿಕಾ, ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕದ ಬಡ ಹಳ್ಳಿಗಳಲ್ಲಿ, ದೊಡ್ಡ ನಗರಗಳ ಕೊಳೆಗೇರಿಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಮಕ್ಕಳು ಅದರ ನೆರವು ಪಡೆಯುತ್ತಿದ್ದಾರೆ. ಈ ಮಕ್ಕಳನ್ನು ಅದು ತಾನೇ ನೇರವಾಗಿ ನೋಡಿಕೊಳ್ಳುವುದಿಲ್ಲ. ಕೆಲಸವೆಲ್ಲ ನಡೆಯುವುದು ಆಯಾ ಕೇರಿಯ ಚರ್ಚಿನ ಮೂಲಕ. ಸಂಸ್ಥೆ ಗಳಿಸಿದ ಹೆಸರಿಗೂ ಎದುರಿಸಿದ ತಕರಾರಿಗೂ ಈ ಏರ್ಪಾಡೇ ಮೂಲ.

ಸಂಸ್ಥೆ ಹುಟ್ಟಿದ್ದು ಕೊರಿಯಾ ಯುದ್ಧದ ಕಾಲದಲ್ಲಿ. ಶಿಕಾಗೊದ ಪಾದ್ರಿ ಎವರೆಟ್ ಸ್ವಾನ್ಸನ್ 1952ರಲ್ಲಿ ಅಮೆರಿಕದ ಸೈನಿಕರಿಗೆ ಬೋಧನೆ ಮಾಡಲು ಅಲ್ಲಿಗೆ ಹೋದರು. ಬೀದಿಯಲ್ಲಿ ಬಿದ್ದಿದ್ದ ಅನಾಥ ಮಕ್ಕಳನ್ನು ಕಂಡು ಊರಿಗೆ ಮರಳಿದವರು ಅವರಿಗಾಗಿ ಹಣ ಕೂಡಿಸತೊಡಗಿದರು. ಒಬ್ಬ ದಾನಿ, ಒಂದು ಮಗು, ತಿಂಗಳಿಗಿಷ್ಟು ಹಣ ಎಂಬ ಪದ್ಧತಿ ಆಗಲೇ ಬಂತು. ಕಂಪ್ಯಾಷನ್ ಎಂಬ ಹೆಸರು ಬಂದದ್ದು 1963ರಲ್ಲಿ. ಮುಂದೆ ದಕ್ಷಿಣ ಕೊರಿಯಾ ಶ್ರೀಮಂತವಾಯಿತು. 1993ರಲ್ಲಿ ನೆರವು ಪಡೆಯುವುದನ್ನು ನಿಲ್ಲಿಸಿದ ಆ ದೇಶ ಹತ್ತು ವರ್ಷಗಳ ಬಳಿಕ ದಾನಿಗಳ ಸಾಲಿಗೇ ಸೇರಿತು. ನೆರವಿನ ಚರಿತ್ರೆಯಲ್ಲಿ ಇಂಥ ತಿರುವು ಅಪರೂಪ.

ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡ ಚರ್ಚು ತನ್ನ ಆವರಣದಲ್ಲೇ ಮಕ್ಕಳ ಕೇಂದ್ರ ತೆರೆಯುತ್ತದೆ. ಯಾವ ಮನೆಯಲ್ಲಿ ದುಡಿಯುವವರಿಲ್ಲ, ಯಾರ ಮಗು ಶಾಲೆ ಬಿಟ್ಟಿದೆ ಎಂಬುದು ಹೊರಗಿನ ಅಧಿಕಾರಿಗಿಂತ ಆ ಚರ್ಚಿನವರಿಗೇ ಚೆನ್ನಾಗಿ ಗೊತ್ತು. ಕೊಳೆಗೇರಿಯಲ್ಲಂತೂ ಈ ತಿಳಿವಳಿಕೆಗೆ ಹೆಚ್ಚಿನ ಬೆಲೆ. ಅಲ್ಲಿ ಬಾಡಿಗೆ ಮನೆಗಳು ಬದಲಾಗುತ್ತಿರುತ್ತವೆ, ಎಷ್ಟೋ ಕುಟುಂಬಗಳ ಬಳಿ ವಿಳಾಸದ ದಾಖಲೆಯೇ ಇರುವುದಿಲ್ಲ. ಮಕ್ಕಳು ಶಾಲೆ ಮುಗಿಸಿ ಅಥವಾ ರಜೆಯ ದಿನ ಕೇಂದ್ರಕ್ಕೆ ಬಂದು ವಾರಕ್ಕೆ ಸುಮಾರು 8 ಗಂಟೆ ಕಳೆಯುತ್ತಾರೆ. ಊಟ, ಮನೆಪಾಠ, ಆರೋಗ್ಯ ತಪಾಸಣೆಯ ಜೊತೆಗೆ ಬೈಬಲ್ ಪಾಠವೂ ಅಲ್ಲಿರುತ್ತದೆ. ಅದನ್ನು ಸಂಸ್ಥೆ ಮುಚ್ಚಿಡುವುದೂ ಇಲ್ಲ. ಶಾಲೆಯ ಶುಲ್ಕ, ಸಮವಸ್ತ್ರಗಳ ಖರ್ಚಿಗೂ ನೆರವುಂಟು.

ಇನ್ನೊಂದು ಮುಖ್ಯ ಅಂಗ ಪತ್ರವ್ಯವಹಾರ. ಮಗು ತನ್ನ ಭಾಷೆಯಲ್ಲಿ ಬರೆದದ್ದು ಅನುವಾದಗೊಂಡು ದಾನಿಗೆ ತಲುಪುತ್ತದೆ, ದಾನಿಯ ಉತ್ತರವೂ ಹಾಗೆಯೇ ಮಗುವಿನ ಕೈಸೇರುತ್ತದೆ. ತಿಂಗಳ ಹಣ ತಪ್ಪದೆ ಕಳಿಸಿಯೂ ಪತ್ರ ಬರೆಯದ ದಾನಿಗಳಿದ್ದಾರೆ. ಪಕ್ಕದಲ್ಲಿ ಕುಳಿತ ಗೆಳತಿಗೆ ಕಾಗದ ಬಂದು ತನಗೆ ಬಾರದಿದ್ದಾಗ ಆಗುವ ನೋವು ಲೆಕ್ಕಪತ್ರದಲ್ಲಿ ಕಾಣುವಂಥದ್ದಲ್ಲ.

ಇಂಥ ನೆರವಿನಿಂದ ನಿಜಕ್ಕೂ ಪ್ರಯೋಜನವಿದೆಯೇ? ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಬ್ರೂಸ್ ವೈಡಿಕ್ ಮತ್ತು ಸಂಗಡಿಗರು ಇದನ್ನು ಭಾರತವೂ ಸೇರಿದಂತೆ ಆರು ದೇಶಗಳಲ್ಲಿ ಪರೀಕ್ಷಿಸಿದರು. ಕಂಪ್ಯಾಷನ್‌ನ ಒಂದು ನಿಯಮ ಅವರ ಕೆಲಸವನ್ನು ಸುಲಭ ಮಾಡಿತು. ಕೇಂದ್ರ ಆರಂಭವಾದಾಗ 12 ವರ್ಷ ದಾಟಿದ್ದ ಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹೀಗಾಗಿ ವಯಸ್ಸಿನ ಕಾರಣಕ್ಕೇ ಹೊರಗುಳಿದ ಅಣ್ಣ ಅಕ್ಕಂದಿರ ಜೊತೆ ತಮ್ಮ ತಂಗಿಯರನ್ನು ಹೋಲಿಸಿ ನೋಡಲು ಸಾಧ್ಯವಾಯಿತು. 10,144 ಜನರ ಮಾಹಿತಿ ಆಧರಿಸಿದ ಈ ಅಧ್ಯಯನ ಪ್ರಕಟವಾದದ್ದು 2013ರಲ್ಲಿ. ನೆರವು ಪಡೆದವರು 1.03ರಿಂದ 1.46 ವರ್ಷಗಳಷ್ಟು ಹೆಚ್ಚು ಓದಿದ್ದರು, ದೊಡ್ಡವರಾದ ಮೇಲೆ ಸಂಬಳದ ನೌಕರಿ ಸಿಕ್ಕವರೂ ಅವರಲ್ಲಿ ಹೆಚ್ಚು.

ಅದೇ ತಂಡದ ಇನ್ನೊಂದು ಅಧ್ಯಯನ ನಡೆದದ್ದು ಇಂಡೊನೇಷ್ಯಾದ ಜಕಾರ್ತದ ಕೊಳೆಗೇರಿಗಳಲ್ಲಿ. 500ಕ್ಕೂ ಹೆಚ್ಚು ಮಕ್ಕಳಿಗೆ ಬಣ್ಣ ಕೊಟ್ಟು ತಮ್ಮದೇ ಚಿತ್ರ ಬಿಡಿಸಲು ಹೇಳಲಾಯಿತು. ಬಾಯಿ ಬಿಡಿಸದ ಮುಖ, ಕಣ್ಣೀರು, ಕಾಗದದ ಮೂಲೆಯ ಪುಟ್ಟ ಆಕೃತಿ, ಬರೀ ಕಪ್ಪು ಬಣ್ಣ ಇವೆಲ್ಲ ಮನಶ್ಶಾಸ್ತ್ರದಲ್ಲಿ ಆತಂಕದ ಸೂಚನೆಗಳು. ನೆರವು ಪಡೆಯುತ್ತಿದ್ದ ಮಕ್ಕಳ ಚಿತ್ರಗಳಲ್ಲಿ ಇಂಥ ಗುರುತುಗಳು ಕಡಿಮೆಯಿದ್ದವು. ಮಗು ನಾಳೆಯ ಬಗ್ಗೆ ಆಸೆ ಇಟ್ಟುಕೊಂಡಿದೆಯೇ ಎಂಬುದನ್ನೂ ಅಳೆಯಬಹುದೆಂದು ಅರ್ಥಶಾಸ್ತ್ರಜ್ಞರು ತೋರಿಸಿದ್ದು ಆ ವಿದ್ಯೆಗೂ ಹೊಸದೇ.

ಭಾರತದಲ್ಲಿ ಕಂಪ್ಯಾಷನ್ 1968ರಿಂದ ಇತ್ತು. ಚರ್ಚನ್ನೇ ನಂಬಿದ ಪದ್ಧತಿ ಸಂಕಷ್ಟಕ್ಕೆ ಸಿಕ್ಕಿದ್ದೂ ಇಲ್ಲಿಯೇ. ಸೇವೆಯ ಹೆಸರಿನಲ್ಲಿ ಮತಾಂತರ ನಡೆಯುತ್ತಿದೆ ಎಂಬುದು ಆರೋಪ, ಸಂಸ್ಥೆ ಅದನ್ನು ಅಲ್ಲಗಳೆಯಿತು. ಹಸಿದ ಮಗುವಿಗೆ ಊಟವೂ ಬೈಬಲ್ ಪಾಠವೂ ಒಂದೇ ಕೋಣೆಯಲ್ಲಿ ಸಿಗುವಾಗ ಪ್ರಶ್ನೆ ಏಳುವುದು ಸಹಜ. ಆದರೆ ಪಾಠವಿದ್ದ ಮಾತ್ರಕ್ಕೆ ಬಲವಂತವೂ ಇತ್ತೆಂದು ತೀರ್ಮಾನಿಸಲಾಗದು. 2016ರಲ್ಲಿ ಕೇಂದ್ರ ಗೃಹ ಸಚಿವಾಲಯ, ಸಂಸ್ಥೆ ಕಳಿಸುವ ಹಣಕ್ಕೆ ಪೂರ್ವಾನುಮತಿ ಕಡ್ಡಾಯ ಮಾಡಿತು. ಹಣದ ಹರಿವು ನಿಂತಿತು. ಚರ್ಚುಗಳನ್ನು ಬಿಟ್ಟು ಬೇರೆ ಸಂಘಗಳ ಮೂಲಕ ಹಣ ಹಂಚಬಹುದೆಂಬ ಸಲಹೆ ತಮಗೆ ಬಂದಿತ್ತು ಎಂದು ಅದೇ ಡಿಸೆಂಬರ್‌ನಲ್ಲಿ ಅಮೆರಿಕ ಸಂಸತ್ತಿನ ವಿದೇಶಾಂಗ ಸಮಿತಿಯ ಮುಂದೆ ಸಂಸ್ಥೆಯ ಪ್ರತಿನಿಧಿ ತಿಳಿಸಿದರು. ಅದನ್ನು ಒಪ್ಪಿದ್ದರೆ ಕಂಪ್ಯಾಷನ್ ಬೇರೆಯೇ ಸಂಸ್ಥೆಯಾಗುತ್ತಿತ್ತು. ಅದು ಒಪ್ಪಲಿಲ್ಲ. 2017ರ ಮಾರ್ಚ್‌ನಲ್ಲಿ ಭಾರತದ ಕೆಲಸವನ್ನು ಪೂರ್ತಿ ನಿಲ್ಲಿಸಿತು. ಆಗ ಅದರ ಪಟ್ಟಿಯಲ್ಲಿದ್ದ ಇಲ್ಲಿನ ಮಕ್ಕಳ ಸಂಖ್ಯೆ ಸುಮಾರು 1,45,000.