ಚಳಿಯ ಮೇಲೆ ಹೊರಿಸಿದ ಅಪವಾದಗಳು

ಸ್ವೀಡನ್ನಿನ ಹಿಮಗಾಲವನ್ನು ಕಂಡವರು ರೂಪಿಸಿದ ವೋಲ್ವೋ ಕಾರು 2017ರಿಂದ ನಮ್ಮ ಹೊಸಕೋಟೆ ತಾಲ್ಲೂಕಿನ ಕಾರ್ಖಾನೆಯಲ್ಲಿಯೇ ಜೋಡಣೆಗೊಳ್ಳತೊಡಗಿತಷ್ಟೆ. ಕಾರು ಬಂದುದು ಸಂತೋಷದ ವಿಷಯವೇ. ಆದರೆ ಹಿಮವನ್ನು ಎಂದೂ ಕಾಣದ ಈ ಸೀಮೆಗೆ ಅದರ ಹಿಂದೆಯೇ ಹಿಮದ ದೇಶದ ಭಯಗಳೂ ಬಂದಿಳಿದು, ಇಲ್ಲಿ ಮೊದಲೇ ನೆಲೆನಿಂತಿದ್ದ ಅಂಬಾಸಡರ್ ಕಾಲದ ನಂಬಿಕೆಗಳೊಡನೆ ಬೆರೆತು, ಮಾರ್ಗಶಿರ ಪುಷ್ಯಗಳು ಬಂದೊಡನೆ ಹಳೆಯ ಕಾರಿನ ಯಾವ ರೋಗಕ್ಕಾದರೂ ಚಳಿಯನ್ನೇ ಅಪರಾಧಿಯೆಂದು ಎಣಿಸುವ ಒಂದು ಶಾಸ್ತ್ರವನ್ನೇ ಸೃಷ್ಟಿಸಿರುವುದು ವಿಚಾರಾರ್ಹವಾದ ಸಂಗತಿ.

ಹೊಸಕೋಟೆಯಿಂದ ಚಿಂತಾಮಣಿಯ ಕಡೆಗೆ ಸಾಗುವ ದಾರಿಯಲ್ಲಿ, ರಾಗಿ ಹಿಪ್ಪುನೇರಳೆ ನೀಲಗಿರಿಗಳ ನಡುವೆ ಇರುವ ನಂದಗುಡಿಯಂಥ ಊರುಗಳಲ್ಲಿ ಇಂದು ಐಷಾರಾಮಿ ಕಾರು ಅಪೂರ್ವದ ವಸ್ತುವಲ್ಲ. ಬೆಂಗಳೂರಿನಲ್ಲಿ ಎಂಟು ಹತ್ತು ವರ್ಷ ಓಡಿದ ಬೆಂಜ್, ಬಿಎಂಡಬ್ಲ್ಯು, ಆಡಿಗಳು ಹೊಸದರ ಬೆಲೆಯ ಅಲ್ಪಾಂಶಕ್ಕೆ ಕೈಬದಲಾಯಿಸಿ ಮನೆಯಂಗಳದ ಶೀಟಿನ ಮಾಡಿನಡಿಗೆ ಬಂದು ನಿಲ್ಲುತ್ತವೆ. ಕಾರಿನ ಬೆಲೆ ಇಳಿದಂತೆ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲವೆಂಬ ಕಠೋರ ಸತ್ಯವು ಮಾಲೀಕರಿಗೆ ಮೊದಲ ಚಳಿಗಾಲದಲ್ಲಿಯೇ ಮನವರಿಕೆಯಾಗುತ್ತದೆ. ಆದರೆ ಈ ಚಳಿಯಾದರೂ ಎಷ್ಟರದು? ಬೆಂಗಳೂರಿನ ಹವಾಮಾನದ ದಾಖಲೆಯಲ್ಲಿಯೇ ಅತ್ಯಂತ ಕಡಮೆಯಾದ ಉಷ್ಣತೆ 7.8 ಡಿಗ್ರಿ, ಅದೂ 1884ನೆಯ ಜನವರಿ 13ರಂದು. ಸಾಮಾನ್ಯವಾದ ಜನವರಿಯ ರಾತ್ರಿಗಳಲ್ಲಿ ನಗರದ ಉಷ್ಣತೆ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬಯಲಿನ ಊರುಗಳಲ್ಲಿ ಅದಕ್ಕಿಂತ ಕೆಲವು ಡಿಗ್ರಿ ತಗ್ಗೀತು. ನೀರು ಹೆಪ್ಪುಗಟ್ಟುವ ಸ್ಥಿತಿಗೂ ನಮಗೂ ಬಹಳ ದೂರ. ಇಲ್ಲಿಯ ಚಳಿಯು ಕಾರನ್ನು ಕೆಡಿಸುವ ಶಕ್ತಿಯುಳ್ಳದ್ದಲ್ಲ; ಬೇಸಗೆಯ ಕಾವು, ವಯಸ್ಸು, ಉಪೇಕ್ಷೆಗಳು ಮೊದಲೇ ಕೆಡಿಸಿಟ್ಟುದನ್ನು ಅದು ಬೆಳಗಿನ ಹೊತ್ತು ಬಯಲಿಗೆಳೆಯುತ್ತದೆ, ಅಷ್ಟೆ.

“ಬೆಳಗ್ಗೆ ಹತ್ತು ನಿಮಿಷ ಗಾಡಿ ಆನ್ ಮಾಡಿ ಬಿಡ್ಬೇಕಣ್ಣ, ಇಂಜಿನ್ ಬಿಸಿ ಆಗ್ಬೇಕು” ಎಂಬ ಮಾತಿನಿಂದಲೇ ಆರಂಭಿಸೋಣ. ಇದು ಸುಳ್ಳಾಗಿ ಹುಟ್ಟಿದ ಮಾತಲ್ಲ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾರ್ಬುರೇಟರಿಗೆ ಚಳಿ ಬಿಸಿಲುಗಳ ಭೇದ ತಿಳಿಯುತ್ತಿರಲಿಲ್ಲವಾದುದರಿಂದ, ಚೋಕ್ ಎಳೆದು, ಇಂಜಿನ್ನು ಕೆಮ್ಮುವುದನ್ನು ನಿಲ್ಲಿಸುವವರೆಗೆ ಕಾದು, ಅನಂತರ ಹೊರಡುವುದು ಆಗ ವಿವೇಕವೇ ಆಗಿತ್ತು. ಇಂದು ನಾವು ಹಳೆಯದೆನ್ನುವ ಐಷಾರಾಮಿ ಕಾರುಗಳಲ್ಲಿ ಗಾಳಿಯ ಮತ್ತು ಕೂಲೆಂಟಿನ ಉಷ್ಣತೆಯನ್ನು ಅಳೆಯುವ ಸೆನ್ಸರುಗಳುಂಟು. ಅವು ಕೊಟ್ಟ ಲೆಕ್ಕದಂತೆ ಎಷ್ಟು ಪೆಟ್ರೋಲು ಚಿಮ್ಮಬೇಕೆಂಬುದನ್ನು ಇಂಜಿನ್ನಿನ ಕಂಪ್ಯೂಟರು ಕ್ಷಣಕ್ಷಣಕ್ಕೂ ನಿರ್ಣಯಿಸುತ್ತದೆ. ತಣ್ಣಗಿರುವಾಗ ಅದು ಹೆಚ್ಚು ಇಂಧನವನ್ನೇ ಚಿಮ್ಮುವುದರಿಂದ, ನಿಂತಲ್ಲಿಯೇ ಬಹಳ ಹೊತ್ತು ಓಡಿಸಿದರೆ ಉರಿಯದೆ ಉಳಿದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯ ಪೊರೆಯನ್ನು ತೊಳೆದು ಆಯಿಲಿಗೆ ಇಳಿಯುತ್ತದೆ. ಉಪಚಾರವೆಂದು ಮಾಡಿದುದು ಅಪಚಾರವಾಗುತ್ತದೆ. ಅರ್ಧ ನಿಮಿಷ ಸಾಕು. ಅಲ್ಲಿಂದಾಚೆಗೆ, ಉಷ್ಣಮಾಪಕದ ಮುಳ್ಳು ತನ್ನ ಸ್ಥಾನಕ್ಕೆ ಬರುವವರೆಗೆ, ಮೆಲ್ಲನೆ ಓಡಿಸುವುದೇ ಇಂಜಿನ್ನನ್ನು ಬಿಸಿಮಾಡುವ ಸರಿಯಾದ ಕ್ರಮ. ಬಾಗಿಲು ಮುಚ್ಚಿದ ಷೆಡ್ಡಿನೊಳಗೆ ಹೀಗೆ ಬಿಸಿಮಾಡಲು ಹೊರಡುವವರಿಗೆ ಇಂಜಿನ್ನಿಗಿಂತ ಪ್ರಾಣದ ಅಪಾಯವೇ ಹೆಚ್ಚು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಅದೇ ಹೊತ್ತಿನಲ್ಲಿ ಸೈಲೆನ್ಸರಿನಿಂದ ಹೊರಡುವ ಬಿಳಿಯ ಹೊಗೆಯನ್ನು ಕಂಡು “ಹೆಡ್ ಗ್ಯಾಸ್ಕೆಟ್ ಹೋಯ್ತು” ಎಂದು ಎದೆಗುಂದುವವರೂ ಉಂಟು. ಒಂದು ಲೀಟರು ಪೆಟ್ರೋಲು ಉರಿದಾಗ ಹೆಚ್ಚುಕಡಮೆ ಒಂದು ಲೀಟರಿನಷ್ಟೇ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆಂಬುದನ್ನು ನೆನೆದರೆ, ತಣ್ಣನೆಯ ಬೆಳಗಿನಲ್ಲಿ ಆ ಆವಿ ಕಣ್ಣಿಗೆ ಕಾಣಿಸುವುದರಲ್ಲಿ ಆಶ್ಚರ್ಯವಿಲ್ಲ. ಕೆಲವು ನಿಮಿಷಗಳಲ್ಲಿ ಅದು ಮಾಯವಾದರೆ ಅಂಜಬೇಕಾದುದಿಲ್ಲ. ಇಂಜಿನ್ನು ಚೆನ್ನಾಗಿ ಬಿಸಿಯಾದ ಮೇಲೂ ಹೊಗೆ ನಿಲ್ಲದಿದ್ದರೆ, ಅದಕ್ಕೆ ಒಂದು ಬಗೆಯ ಸಿಹಿಯಾದ ವಾಸನೆಯಿದ್ದರೆ, ಕೂಲೆಂಟಿನ ಮಟ್ಟ ವಾರವಾರಕ್ಕೂ ಇಳಿಯುತ್ತಿದ್ದರೆ, ಆಗ ಸಂಶಯಪಡುವುದು ನ್ಯಾಯ. ನೀಲಿಯ ಹೊಗೆಯ ಮಾತೇ ಬೇರೆ. ಅದು ಆಯಿಲ್ ಉರಿಯುತ್ತಿರುವುದರ ಲಕ್ಷಣ, ಋತುವಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಕೂಲೆಂಟ್. ಎಲ್ಲ ತಪ್ಪು ಕಲ್ಪನೆಗಳಲ್ಲಿಯೂ ಹೆಚ್ಚು ಹಣ ತಿನ್ನುವುದು ಇದೇ ಎಂದು ನನ್ನ ಅಭಿಪ್ರಾಯ. “ನಮ್ಮೂರಲ್ಲೇನು ಐಸ್ ಕಟ್ಟುತ್ತಾ? ಬೋರ್ ನೀರು ಹಾಕ್ಬಿಡಣ್ಣ, ಏನಾಗಲ್ಲ” ಎಂಬ ತರ್ಕವು ಮೇಲುನೋಟಕ್ಕೆ ನಿರ್ದುಷ್ಟವಾಗಿ ಕಾಣುತ್ತದೆ. ಹೆಪ್ಪುಗಟ್ಟದಿರುವುದಕ್ಕಾಗಿ ಹಾಕುವ ದ್ರವವೆಂದ ಮೇಲೆ, ಹೆಪ್ಪುಗಟ್ಟದ ಊರಿನಲ್ಲಿ ಅದು ಏತಕ್ಕೆ? ದೋಷವಿರುವುದು ಪೂರ್ವಪಕ್ಷದಲ್ಲಿಯೇ. ಸಮಭಾಗ ಗ್ಲೈಕಾಲು, ಸಮಭಾಗ ಶುದ್ಧಜಲದ ಮಿಶ್ರಣವು ಶೂನ್ಯಕ್ಕಿಂತ ಕೆಳಗೆ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲವೆಂಬುದು ಅದರ ಗುಣಗಳಲ್ಲಿ ಒಂದು ಮಾತ್ರ, ಅದೂ ನಮಗೆ ನಿರುಪಯುಕ್ತವಾದುದು. ನಮಗೆ ಬೇಕಾದುವು ಇನ್ನೆರಡು. ಸುಮಾರು 900 ಮೀಟರು ಎತ್ತರದ ಈ ಬಯಲುಸೀಮೆಯಲ್ಲಿ ತೆರೆದ ಪಾತ್ರೆಯ ನೀರು 100ರಲ್ಲಲ್ಲ, 97 ಡಿಗ್ರಿಯಲ್ಲಿಯೇ ಕುದಿಯುತ್ತದೆ; ಈ ಕಾರುಗಳ ಇಂಜಿನ್ನಾದರೋ 90ರಿಂದ 105 ಡಿಗ್ರಿಯ ನಡುವೆ ಕೆಲಸಮಾಡುವಂತೆ ರಚಿತವಾದುದು. ಗ್ಲೈಕಾಲಿನ ಮಿಶ್ರಣವು ಕುದಿಯುವ ಬಿಂದುವನ್ನು ಏಳೆಂಟು ಡಿಗ್ರಿ ಮೇಲಕ್ಕೇರಿಸುತ್ತದೆ. ಉಳಿದುದನ್ನು ಮುಚ್ಚಳದ ಒತ್ತಡ ನೋಡಿಕೊಳ್ಳುತ್ತದೆ. ಎರಡನೆಯ ಗುಣ ಇನ್ನೂ ಮುಖ್ಯವಾದುದು: ಇಂಜಿನ್ನಿನ ಅಲ್ಯೂಮಿನಿಯಂ, ರೇಡಿಯೇಟರಿನ ತೆಳುವಾದ ನಾಳಗಳು, ವಾಟರ್ ಪಂಪು, ಇವೆಲ್ಲ ಕ್ಷಯಿಸದಂತೆ ಕಾಪಾಡುವ ರಾಸಾಯನಿಕಗಳು ಆ ದ್ರವದಲ್ಲಿರುತ್ತವೆ.

ಬೋರ್ ನೀರಿನಲ್ಲಿರುವುದು ಅದಕ್ಕೆ ತದ್ವಿರುದ್ಧ. ನೂರಾರು ಅಡಿ ಆಳದ ಬಂಡೆಯಿಂದ ಬರುವ ಗಡಸು ನೀರನ್ನು ಕಾಯಿಸಿದ ಹಂಡೆಯ ಒಳಮೈಯಲ್ಲಿ ಬಿಳಿಯ ಪೊರೆ ಕಟ್ಟುವುದನ್ನು ನಂದಗುಡಿಯಲ್ಲಿ ಯಾವ ಮನೆಯವರು ಕಂಡಿಲ್ಲ? ಅದೇ ಪೊರೆ ಕಡ್ಡಿಯ ಗಾತ್ರದ ನಾಳಗಳಲ್ಲಿ ಕಟ್ಟಿದರೆ ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ. ಚಳಿಗಾಲದಲ್ಲಿ ಹಾಕಿದ ಈ ನೀರಿನ ಫಲ ಕಾಣಿಸುವುದು ಏಪ್ರಿಲಿನಲ್ಲಿ, ಬೆಂಗಳೂರಿನ ದಾರಿಯ ಬೂದಿಗೆರೆ ಕ್ರಾಸಿನ ವಾಹನದಟ್ಟಣೆಯ ಮಧ್ಯೆ. ಆಗ ಬಿಸಿಲನ್ನು ಬಯ್ಯುತ್ತೇವೆ. ಕೂಲೆಂಟಿನ ಗುಣಗಳೂ ಶಾಶ್ವತವಲ್ಲ. ಬಗೆಯನ್ನನುಸರಿಸಿ ಎರಡರಿಂದ ಐದು ವರ್ಷಗಳಲ್ಲಿ ಸವೆದುಹೋಗುತ್ತವೆ. ಇಲ್ಲಿಯೇ ಇನ್ನೊಂದು ಉಪಭ್ರಾಂತಿಯನ್ನೂ ಹೇಳಿಬಿಡಬೇಕು: ಬಣ್ಣ ಒಂದೇ ಆದರೆ ದ್ರವವೂ ಒಂದೇ ಎಂಬುದು. ನೀಲಿ, ಹಸಿರು, ಗುಲಾಬಿಗಳು ತಯಾರಕರು ಇಷ್ಟಾನುಸಾರವಾಗಿ ಬೆರೆಸಿದ ಬಣ್ಣಗಳೇ ಹೊರತು ಯಾವ ಪ್ರಮಾಣದ ಗುರುತೂ ಅಲ್ಲ. ನೋಡಬೇಕಾದುದು ಕಾರಿನ ಕೈಪಿಡಿಯಲ್ಲಿ ಬರೆದಿರುವ ನಿರ್ದಿಷ್ಟ ಸಂಖ್ಯೆಯನ್ನು.

“ಚಳೀಗೆ ಬ್ಯಾಟ್ರಿ ಹೊಂಟೋಯ್ತು.” ಸೆಲ್ಫ್ ಹೊಡೆದಾಗ ಕಟಕಟ ಸದ್ದು ಮಾಡಿ ಸುಮ್ಮನಾಗುವ ಕಾರಿನ ಮುಂದೆ ನಿಂತು ಹೀಗೆನ್ನುವವರ ದುಃಖ ನಿಜ, ನಿದಾನ ತಪ್ಪು. ರಾಸಾಯನಿಕ ಕ್ರಿಯೆಗಳ ವೇಗ ಪ್ರತಿ 10 ಡಿಗ್ರಿಗೆ ಹೆಚ್ಚುಕಡಮೆ ಇಮ್ಮಡಿಸುವುದರಿಂದ, ಬ್ಯಾಟರಿಯೊಳಗಿನ ಫಲಕಗಳು ಸವೆಯುವುದೂ ನೀರಿನ ಅಂಶ ಆರುವುದೂ ಬೇಸಗೆಯಲ್ಲಿ, ಬಾನೆಟ್ಟಿನಡಿಯ ಕುದಿಯಲ್ಲಿ. ಶೂನ್ಯ ಡಿಗ್ರಿಯಲ್ಲಿ ಸಹ ಒಳ್ಳೆಯ ಬ್ಯಾಟರಿ ತನ್ನ ಸಾಮರ್ಥ್ಯದಲ್ಲಿ ಐದರಲ್ಲೊಂದು ಪಾಲನ್ನು ಮಾತ್ರ ಕಳೆದುಕೊಳ್ಳುತ್ತದೆ. ನಮ್ಮ 12 ಡಿಗ್ರಿಯಲ್ಲಿ ಆ ನಷ್ಟ ಗಣನೆಗೆ ಬಾರದು. ಏಪ್ರಿಲ್ ಮೇಗಳಲ್ಲಿ ಜೀರ್ಣವಾದ ಬ್ಯಾಟರಿ, ಆಯಿಲ್ ದಪ್ಪಗಾಗಿ ಇಂಜಿನ್ನು ತಿರುಗಲು ತುಸು ಹೆಚ್ಚು ಬಲ ಬೇಡುವ ಡಿಸೆಂಬರಿನ ಬೆಳಗ್ಗೆ ಸಿಕ್ಕಿಬೀಳುತ್ತದೆ.

ಐಷಾರಾಮಿ ಕಾರಿಗೆ ಇದರ ಮೇಲೆ ಸ್ವಂತದ ಒಂದು ವ್ಯಾಧಿಯೂ ಉಂಟು. ಬೀಗ ಹಾಕಿದ ಮೇಲೂ ಅದರ ಹತ್ತಾರು ಕಂಪ್ಯೂಟರುಗಳು ಪೂರ್ತಿಯಾಗಿ ನಿದ್ರಿಸುವುದಿಲ್ಲ. ಎಲ್ಲವೂ ಸರಿಯಾಗಿದ್ದಾಗಲೂ 50 ಮಿಲಿಆಂಪಿಯರಿನಷ್ಟು ವಿದ್ಯುತ್ತು ಸೋರುತ್ತಿದೆಯೆಂದು ಇಟ್ಟುಕೊಂಡರೆ, ದಿನಕ್ಕೆ 1.2 ಆಂಪಿಯರ್-ಗಂಟೆ, ತಿಂಗಳಿಗೆ 36. 80 ಆಂಪಿಯರ್-ಗಂಟೆಯ ಬ್ಯಾಟರಿ ಒಂದು ತಿಂಗಳು ಮನೆಯಂಗಳದಲ್ಲಿ ಸುಮ್ಮನೆ ನಿಂತರೆ ಅರ್ಧದಷ್ಟು ಬರಿದು. ಮದುವೆಗೂ ಜಾತ್ರೆಗೂ ಮಾತ್ರ ಹೊರಡುವ ಕಾರುಗಳು ಕೈಕೊಡುವುದರ ರಹಸ್ಯ ಇದೇ. ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಆರಿಸಿಬಿಡುವುದು ಪರಿಹಾರವಲ್ಲ. ಅದರಿಂದ ಕೊಟ್ಟುದಕ್ಕಿಂತ ಕಿತ್ತುಕೊಂಡದ್ದೇ ಹೆಚ್ಚಾದೀತು. ಚಿಂತಾಮಣಿಯವರೆಗೆ ಒಂದು ಸಲ ಹೋಗಿಬರುವುದು, ಇಲ್ಲವೆ ಮನೆಯ ಕರೆಂಟಿನಿಂದ ಹದವಾಗಿ ಚಾರ್ಜು ಮಾಡುವ ಉಪಕರಣವನ್ನು ತಂದಿಡುವುದು ಲೇಸು. ಹೊಸ ಬ್ಯಾಟರಿ ಹಾಕಿಸುವಾಗ ಒಂದು ಎಚ್ಚರ: ಬಿಎಂಡಬ್ಲ್ಯು ಮೊದಲಾದ ಕೆಲವು ಕಾರುಗಳಲ್ಲಿ ಹೊಸದು ಬಂದಿತೆಂದು ಕಂಪ್ಯೂಟರಿಗೆ ನೋಂದಾಯಿಸದಿದ್ದರೆ, ಹಳೆಯ ಬ್ಯಾಟರಿಗೆಂದು ಹೊಂದಿಸಿಕೊಂಡಿದ್ದ ಲೆಕ್ಕದಲ್ಲಿಯೇ ಅದು ಹೊಸದನ್ನೂ ಚಾರ್ಜು ಮಾಡುತ್ತ ಹೋಗುತ್ತದೆ.

ಏರ್ ಸಸ್ಪೆನ್ಷನ್ ಉಳ್ಳ ಕಾರು ರಾತ್ರಿ ನೆಟ್ಟಗೆ ನಿಂತಿದ್ದುದು ಬೆಳಗ್ಗೆ ಒಂದು ಮಗ್ಗುಲಿಗೆ ಕುಸಿದಿರುವುದನ್ನು “ಚಳಿಗೆ ಗಾಳಿ ಕುಗ್ಗುತ್ತೆ” ಎಂದು ಸಮಾಧಾನಪಟ್ಟುಕೊಳ್ಳುವವರು ಭೌತಶಾಸ್ತ್ರವನ್ನು ಅರ್ಧ ಓದಿದವರು. ಗಾಳಿ ಕುಗ್ಗುವುದು ಸತ್ಯ. ಆದರೆ 30 ಡಿಗ್ರಿಯಿಂದ 12ಕ್ಕೆ ಇಳಿದರೂ ಒತ್ತಡ ಕಡಮೆಯಾಗುವುದು ನೂರಕ್ಕೆ ಆರರಷ್ಟು, ಅದೂ ನಾಲ್ಕು ಚಕ್ರಗಳಲ್ಲಿ ಒಂದೇ ಸಮನಾಗಿ. ಒಂದೇ ಮೂಲೆ ನೆಲಹತ್ತಿದ್ದರೆ ಅಲ್ಲಿಯ ರಬ್ಬರಿನ ಚೀಲವೋ ಕೊಳವೆಯ ಜೋಡಣೆಯೋ ಸೋರುತ್ತಿದೆ. ಸ್ಟಾರ್ಟ್ ಮಾಡಿದೊಡನೆ ಏಳುತ್ತದೆಯಲ್ಲ ಎಂದು ಉದಾಸೀನಮಾಡಿದವರು, ದಿನವೂ ಸೋರಿದ ಗಾಳಿಯನ್ನು ತುಂಬಿ ತುಂಬಿ ಬಳಲಿ ಸುಟ್ಟುಹೋಗುವ ಕಂಪ್ರೆಸರಿಗೂ ಕೊನೆಗೆ ಬೆಲೆ ತೆರಬೇಕಾಗುತ್ತದೆ.

ಟೈರಿನ ವಿಷಯ ಚಿಕ್ಕದು. ಉಷ್ಣತೆ ಐದಾರು ಡಿಗ್ರಿ ಇಳಿದಂತೆಲ್ಲ ಒಂದು ಪಿಎಸ್ಐ ಕಡಮೆಯಾಗುವುದರಿಂದ ಚಳಿಗಾಲದಲ್ಲಿ ಗಾಳಿಯನ್ನು ಬಿಡಬೇಕಾದುದಲ್ಲ, ಬೆಳಗ್ಗೆ ತಣ್ಣಗಿರುವಾಗ ನೋಡಿ ತುಂಬಬೇಕಾದುದು. ಮತ್ತು ಟ್ರೆಡ್ಡು ಚೆನ್ನಾಗಿದೆಯೆಂಬ ಮಾತ್ರಕ್ಕೆ ಟೈರು ಚೆನ್ನಾಗಿದೆಯೆಂದಲ್ಲ. ಪಕ್ಕದ ಗೋಡೆಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ಅದು ತಯಾರಾದ ವಾರವನ್ನೂ, ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. ಹಳೆಯ ಇಂಜಿನ್ನಿಗೆ ದಪ್ಪ ಆಯಿಲೇ ಹಿತವೆಂಬುದೂ ಇಂಥದೇ ಒಂದು ಪಿತ್ರಾರ್ಜಿತ ನಂಬಿಕೆ: 20ಡಬ್ಲ್ಯು-50 ಆಯಿಲು ಬೆಳಗಿನ ಮೊದಲ ಕ್ಷಣಗಳಲ್ಲಿ ಸೂಕ್ಷ್ಮವಾದ ರಂಧ್ರಗಳಿಗೆ ತಲಪುವುದು ತಡ, ತಯಾರಕರು ಹೇಳಿದ ದರ್ಜೆಯೇ ಸರಿ. ಗೇರ್‌ಬಾಕ್ಸಿನ ಆಯಿಲು ಜೀವಮಾನಕ್ಕೆ ಸಾಕೆಂಬ ಕಾರುಕಂಪನಿಗಳ ಮಾತನ್ನಂತೂ, ಗೇರ್‌ಬಾಕ್ಸನ್ನು ಮಾಡಿಕೊಡುವ ಜರ್ಮನಿಯ ಜಡ್‌ಎಫ್ ಸಂಸ್ಥೆಯೇ 80,000ದಿಂದ 1,20,000 ಕಿಲೋಮೀಟರಿನೊಳಗೆ ಬದಲಾಯಿಸಬೇಕೆಂದು ಹೇಳುವುದರ ಮೂಲಕ ಖಂಡಿಸಿದೆ. ಯಾರ ಜೀವಮಾನವೆಂಬುದನ್ನು ಕಾರಿನ ಕಂಪನಿ ಹೇಳಲಿಲ್ಲ!

ನಮ್ಮ ಚಳಿಗಾಲದ ನಿಜವಾದ ಉಪದ್ರವಗಳನ್ನು ಯಾವ ಜರ್ಮನ್ ಕೈಪಿಡಿಯೂ ತಿಳಿಯದು. ರಾಗಿಯ ಕೊಯ್ಲು ಮುಗಿದು ಹೊಲಗಳು ಬರಿದಾದ ಮೇಲೆ ಇಲಿಗಳು ಬೆಚ್ಚನೆಯ ಆಶ್ರಯವನ್ನರಸಿ ಬಾನೆಟ್ಟಿನೊಳಗೆ ಸೇರುತ್ತವೆ. ಹೊಗೆಸೊಪ್ಪಿನ ಕಟ್ಟನ್ನೋ ನುಸಿಗುಳಿಗೆಯನ್ನೋ ಇಟ್ಟರೆ ಅವು ಬಾರವೆಂಬ ನಂಬಿಕೆ ಬಲವಾಗಿದೆ; ಆ ವಾಸನೆ ಕೆಲವೇ ದಿನಗಳಲ್ಲಿ ಆರಿಹೋಗುತ್ತದೆ, ಇಲಿಯ ಬಾಚಿಹಲ್ಲು ಮಾತ್ರ ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುವುದರಿಂದ ಅದು ಕಡಿಯದೆ ಇರಲಾರದು. ಹುಲ್ಲಿನ ಬಣವೆಯಿಂದ, ಹಿಂಡಿಬೂಸಾ ಚೀಲಗಳಿಂದ ದೂರದಲ್ಲಿ ಕಾರನ್ನು ನಿಲ್ಲಿಸಿ, ದಿನಬಿಟ್ಟು ದಿನವಾದರೂ ಬಾನೆಟ್ಟೆತ್ತಿ ನೋಡುವುದಕ್ಕೆ ಸಮನಾದ ಔಷಧಿಯಿಲ್ಲ. ರಸ್ತೆಯನ್ನೇ ಕಣವಾಗಿಸಿ ರಾಗಿಯ ತೆನೆಯನ್ನೂ ಹುರುಳಿಯ ಗಿಡವನ್ನೂ ಹರಡಿರುವಲ್ಲಿ, “ದೊಡ್ಡ ಗಾಡಿ, ಏನಾಗುತ್ತೆ” ಎಂದು ಹಾಯಿಸಿಕೊಂಡು ಹೋಗುವುದು ಇನ್ನೂ ಅಪಾಯಕರ. ಒಣಗಿದ ಹುರುಳಿಯ ಬಳ್ಳಿ ಅಚ್ಚಿಗೆ ಸುತ್ತಿಕೊಂಡು, ನೂರಾರು ಡಿಗ್ರಿ ಕಾಯ್ದಿರುವ ಸೈಲೆನ್ಸರಿನ ಕೊಳವೆಗೆ ತಗಲಿದರೆ ಬೆಂಕಿ ಹತ್ತುತ್ತದೆ. ನೆಲಕ್ಕೆ ತಗ್ಗಾಗಿರುವ ಈ ಕಾರುಗಳಿಗೆ ಆ ಭಯ ಲಾರಿಗಿಂತ ಹೆಚ್ಚು. ಹಾದುಹೋಗಲೇಬೇಕಾಗಿ ಬಂದರೆ ಆಚೆ ನಿಲ್ಲಿಸಿ, ಇಳಿದು, ಬಗ್ಗಿ ನೋಡಬೇಕು.

ಮಂಜಿನಲ್ಲಿ ಹೈಬೀಮ್ ಹಾಕಿದರೆ ದಾರಿ ಚೆನ್ನಾಗಿ ಕಾಣುವುದೆಂಬುದು ಸುಳ್ಳು. ಬೆಳಕು ಹನಿಗಳಿಂದ ಹಿಂದಿರುಗಿ ನಮ್ಮ ಕಣ್ಣನ್ನೇ ಕುಕ್ಕುತ್ತದೆ. ಚಳಿಗಾಲದಲ್ಲಿ ಎಸಿ ಬೇಡವೆಂಬುದೂ ಅಷ್ಟೆ: ಗಾಜಿನ ಒಳಮೈಯ ಮಸುಕನ್ನು ಬೇಗ ಕಳೆಯುವುದು ಎಸಿಯ ಒಣಗಾಳಿಯೇ, ಮತ್ತು ಬಳಸದೆ ಬಿಟ್ಟ ಕಂಪ್ರೆಸರಿನ ಸೀಲುಗಳು ಒಣಗಿ ಅನಿಲ ಸೋರುವುದು ಬಿಸಿಲು ಬಂದ ಮೇಲೆ ತಿಳಿಯುತ್ತದೆ.

ಕಡೆಯದಾಗಿ, “ಹತ್ತು ವರ್ಷದ ಡೀಸೆಲ್ ಗಾಡಿ ಗುಜರಿಗೇ” ಎಂಬ ಮಾತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದ, ಡೀಸೆಲಿಗೆ ಹತ್ತು ಪೆಟ್ರೋಲಿಗೆ ಹದಿನೈದು ವರ್ಷಗಳ ನಿರ್ಬಂಧವು ದೆಹಲಿ ಮತ್ತು ಅದರ ಸುತ್ತಣ ರಾಜಧಾನಿ ಪ್ರದೇಶಕ್ಕೆ ಮಾತ್ರ ಸಂಬಂಧಿಸಿದುದಾಗಿತ್ತು. ಕರ್ನಾಟಕದಲ್ಲಿ ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿದಾಗ, ತಪಾಸಣೆಯಲ್ಲಿ ಯೋಗ್ಯವೆಂದು ಕಂಡರೆ, ಐದೈದು ವರ್ಷಗಳಿಗೆ ನವೀಕರಣ ದೊರೆಯುತ್ತದೆ. ದೆಹಲಿಯ ಆ ನಿರ್ಬಂಧದ ದೆಸೆಯಿಂದಲೇ ಅಲ್ಲಿಯ ಕಾರುಗಳು ಅಗ್ಗವಾಗಿ ದಕ್ಷಿಣಕ್ಕೆ ಬರತೊಡಗಿದುವು. “ಅಲ್ಲಿಯ ಚಳಿ ತಡೆದಿರೋ ಗಾಡಿ, ಇಲ್ಲಿ ಏನೂ ಆಗಲ್ಲ” ಎಂಬುದು ದಲ್ಲಾಳಿಯ ವಾದ. ಅಲ್ಲಿಯ 45 ಡಿಗ್ರಿಯ ಬೇಸಗೆಯನ್ನು ಆತ ಹೇಳುವುದಿಲ್ಲ, ಇಲ್ಲಿ ಮತ್ತೆ ಕಟ್ಟಬೇಕಾಗುವ ಜೀವಾವಧಿ ತೆರಿಗೆಯನ್ನೂ ಹೇಳುವುದಿಲ್ಲ. ಅಂಥ ಕಾರನ್ನು ನೋಡಹೋಗುವವರು ಟೈರಿನ ಅಂಕಿಗಳನ್ನೂ ಬ್ಯಾಟರಿಯ ಮೇಲಿನ ತಾರೀಖನ್ನೂ ಓದಿ, ಹೋಸ್‌ಪೈಪುಗಳನ್ನು ಬೆರಳಿನಿಂದ ಒತ್ತಿ ನೋಡಿ, ಸಾಧ್ಯವಾದರೆ ಜನವರಿಯ ಬೆಳಗಿನ ಆರು ಗಂಟೆಗೆ, ಮಾರುವವರು ಎದ್ದು ಇಂಜಿನ್ನನ್ನು ಬಿಸಿಮಾಡಿಡುವುದಕ್ಕೆ ಮೊದಲೇ, ಹೋಗಿ ಬಾಗಿಲು ತಟ್ಟತಕ್ಕದ್ದು.