ಗಾಜಿನ ಕೀಲಿಮಣೆಯಲ್ಲಿ ‘ತೆಂಗು’ ಬರೆಯುವುದು ಹೇಗೆ?



ತಿಪಟೂರಿನ ಉಂಡೆ ಕೊಬ್ಬರಿ ಮಾರುಕಟ್ಟೆಯನ್ನು ಕುರಿತು ನೀವು ಟ್ಯಾಬ್ಲೆಟ್ಟಿನಲ್ಲಿ ಒಂದು ಪ್ರಬಂಧ ಬರೆದಿದ್ದೀರಿ ಎಂದುಕೊಳ್ಳಿ. ಪುಟದ ತುಂಬ ‘ತೆಂಗು’ ಎಂಬ ಪದವಿದೆ. ಆದರೂ ಹುಡುಕಿದರೆ ಆ ಪದವೇ ಸಿಗುವುದಿಲ್ಲ! ಏಕೆ?

ನಾವು ಅಕ್ಷರದ ಆಕಾರವನ್ನು ನೋಡುತ್ತೇವೆ. ಯಂತ್ರ ಅದರ ಸಂಖ್ಯೆಯನ್ನು ನೋಡುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಗೊತ್ತುಪಡಿಸಿರುವ ಯೂನಿಕೋಡ್ ಪದ್ಧತಿಯಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಅನುಸ್ವಾರದ್ದು 3202, ಕನ್ನಡದ ಅಂಕಿ ಸೊನ್ನೆಯದು 3302. ತೆರೆಯ ಮೇಲೆ ಇವೆರಡೂ ಒಂದೇ ದುಂಡು. ಅನುಸ್ವಾರದ ಜಾಗದಲ್ಲಿ ಸೊನ್ನೆಯನ್ನು ಒತ್ತಿದರೆ ಕಣ್ಣಿಗೆ ‘ತೆಂಗು’, ಯಂತ್ರಕ್ಕೆ ಬೇರೆಯೇ ಏನೋ.

ಹಳೆಯ ಬೆರಳಚ್ಚು ಯಂತ್ರದಲ್ಲಿ ಅಕ್ಷರದ ಆಕಾರವನ್ನು ತುಂಡುತುಂಡಾಗಿ ಜೋಡಿಸಬೇಕಿತ್ತು. ಗಣಕಕ್ಕೆ ಹಾಗಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ: ಮೊದಲು ವ್ಯಂಜನ, ಆಮೇಲೆ ಸ್ವರ. ಟ್ಯಾಬ್ಲೆಟ್ಟಿನ ಕನ್ನಡ ಕೀಲಿಮಣೆಗೂ ಇದೇ ಸೂತ್ರ. ಬಾಯಿ ಹೇಳುವ ಕ್ರಮದಲ್ಲೇ ಬೆರಳು ಒತ್ತಬೇಕು.

ಸಾಹಿತ್ಯ ವಿದ್ವಾಂಸ ತೀ.ನಂ. ಶ್ರೀಕಂಠಯ್ಯನವರ ಊರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ. ಕೈಬರಹದಲ್ಲಿ ಮೊದಲು ‘ಥ’ ಬರೆದು ಆಮೇಲೆ ಅರ್ಕಾವತ್ತು ಹಾಕುತ್ತೇವೆ. ಟೈಪ್ ಮಾಡುವಾಗ ‘ರ’, ಒತ್ತಕ್ಷರದ ಕೀಲಿ ‘್’, ಬಳಿಕ ‘ಥ’. ಅರ್ಕಾವತ್ತಿನಂತೆ ಕಾಣುವ ಅಂಕಿ ಒಂಬತ್ತನ್ನು ಒತ್ತಬೇಡಿ. ಅದೂ ಸೊನ್ನೆಯಂಥದೇ ಮೋಸ.

ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ವಿಧಾನವೂ ಉಂಟು. ಬೇಗ ಕಲಿಯಬಹುದು, ಆದರೆ ಇಂಗ್ಲಿಷಿನಲ್ಲಿ ‘ಲ’ ಮತ್ತು ‘ಳ’ಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲ. ಎಚ್ಚರ ತಪ್ಪಿದರೆ ಚಿಕ್ಕನಾಯಕನಹಳ್ಳಿಯ ‘ಹಳ್ಳಿ’ ಗೋಡೆಯ ಮೇಲಿನ ‘ಹಲ್ಲಿ’ ಆದೀತು! ಯಂತ್ರ ಸೂಚಿಸುವ ಪದಗಳನ್ನು ಓದಿ ನೋಡಿ, ಸರಿಯಾದುದನ್ನೇ ಆರಿಸಿ.

ಇನ್ನು ಕೈಗಳ ವಿಚಾರ. ಗಾಜಿನ ಮೇಲೆ ಬೆರಳಿಗೆ ಕೀಲಿಯ ಅಂಚು ತಿಳಿಯುವುದಿಲ್ಲ. ಆದ್ದರಿಂದ ಕಣ್ಣು ಪದೇ ಪದೇ ಕೆಳಗಿಳಿಯುತ್ತದೆ, ಕತ್ತು ಬಾಗುತ್ತದೆ. ಟ್ಯಾಬ್ಲೆಟ್ಟನ್ನು ತೊಡೆಯ ಮೇಲೆ ಮಲಗಿಸದೆ, ಮೇಜಿನ ಮೇಲೆ ತುಸು ಓರೆಯಾಗಿ ನಿಲ್ಲಿಸಿ. ದೀರ್ಘ ಬರಹವಿದ್ದರೆ ಅಡ್ಡವಾಗಿ ಹಿಡಿಯಿರಿ. ಕೀಲಿಗಳು ಅಗಲವಾಗಿ ಎರಡೂ ಕೈಗಳಿಗೆ ಸಿಗುತ್ತವೆ. ಮಹಾಪ್ರಾಣ ಕಾಣದಿದ್ದರೆ ಅಲ್ಪಪ್ರಾಣದ ಕೀಲಿಯನ್ನು ಕ್ಷಣಕಾಲ ಒತ್ತಿ ಹಿಡಿದು ನೋಡಿ. ಅನೇಕ ಕೀಲಿಮಣೆಗಳಲ್ಲಿ ಅದು ಅಲ್ಲೇ ಅಡಗಿರುತ್ತದೆ.

ವಿದ್ಯಾರ್ಥಿವೇತನದ ಅರ್ಜಿಯಲ್ಲಾಗಲಿ, ಪ್ರವೇಶ ಪತ್ರದಲ್ಲಾಗಲಿ ನಿಮ್ಮ ಹೆಸರನ್ನು ಹೋಲಿಸಿ ನೋಡುವುದು ಯಂತ್ರವೇ. ಕಣ್ಣಿಗೆ ಸರಿಯೆನಿಸಿದ್ದು ಅದಕ್ಕೆ ತಪ್ಪಾಗಿರಬಹುದು.

ಈಗ ಅಭ್ಯಾಸಕ್ಕೆ ಮೂರು ಪದ. ಒಂದು ಕೀಲಿಗೆ ಒಂದೇ ಅಕ್ಷರ ಅಥವಾ ಚಿಹ್ನೆ ಎಂದು ಎಣಿಸಿದರೆ ತಿಪಟೂರಿಗೆ 7 ಒತ್ತು, ತುರುವೇಕೆರೆಗೆ 10, ಚಿಕ್ಕನಾಯಕನಹಳ್ಳಿಗೆ 15. ನಿಮ್ಮ ಊರಿಗೆ ಎಷ್ಟು? ಮೊದಲು ಬಾಯಲ್ಲಿ ಬಿಡಿಸಿ ಹೇಳಿ, ಆಮೇಲೆ ಒತ್ತಿ ನೋಡಿ.