ಮಂಗಳೂರು ಪೇಟೆಯ ದಾರಿಯಲ್ಲಿ ವಾಹನ ನಡೆಸುವವರಿಗೆ ಅನುಭವವು ಕಲಿಸಿದ ಎಚ್ಚರಿಕೆಗಳು

ದಕ್ಷಿಣ ಕನ್ನಡದ ಅಡಿಕೆ, ತೆಂಗು, ಕರಿಮೆಣಸುಗಳಿಗೂ ಘಟ್ಟದ ಮೇಲಣ ಕಾಫಿಗೂ ಮಂಗಳೂರು ಮುಖ್ಯವಾದ ಪೇಟೆಯೂ ರೇವೂ ಆಗಿರುವುದು. 1973ರಲ್ಲಿ ಸ್ಥಾಪಿತವಾದ ಕ್ಯಾಂಪ್ಕೊ ಎಂಬ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆಯ ಕೇಂದ್ರ ಕಾರ್ಯಾಲಯವು ಈ ನಗರದಲ್ಲಿಯೇ ಇದೆ. ಫಸಲನ್ನು ಬೆಳೆಯುವುದರಲ್ಲಿ ರೈತನು ತೋರುವ ಜಾಗ್ರತೆಯನ್ನು ಅದನ್ನು ಸಾಗಿಸುವುದರಲ್ಲಿಯೂ ತೋರದಿದ್ದರೆ ವರ್ಷದ ದುಡಿಮೆಯು ಒಂದೇ ತಿರುವಿನಲ್ಲಿ ನಷ್ಟವಾಗುವುದು. ಪ್ರಾಣಹಾನಿಯಾದರಂತೂ ಅದಕ್ಕೆ ಪರಿಹಾರವೇ ಇಲ್ಲ.

ಮಂಗಳೂರಿನಿಂದ ಬಂಟ್ವಾಳದ ಬಿ. ಸಿ. ರೋಡಿನವರೆಗೆ ಒಂದಾಗಿ ಸಾಗುವ ದಾರಿಯು ಮುಂದೆ ಕವಲೊಡೆದು, ಉಜಿರೆಯ ಮೇಲಾಗಿ ಚಾರ್ಮಾಡಿಗೂ, ಗುಂಡ್ಯದ ಮೇಲಾಗಿ ಶಿರಾಡಿಗೂ, ಪುತ್ತೂರು ಸುಳ್ಯಗಳ ಮೇಲಾಗಿ ಸಂಪಾಜೆಗೂ ಏರುವುದು. ಈ ಸೀಮೆಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನಷ್ಟೋ ಅದಕ್ಕೂ ಮಿಕ್ಕಿಯೋ ಮಳೆ ಸುರಿಯುವುದು; ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗಾಗಿ ಬೀಳುವುದು. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಸಂಪಾಜೆಯ ದಾರಿಯೂ, 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ದಾರಿಯೂ ಕಡಿದುಹೋದುವು. ಇಂಥ ದಾರಿಯಲ್ಲಿ ಬಹುಕಾಲ ವಾಹನ ನಡೆಸಿ, ಅಪಘಾತಕ್ಕೆ ಸಿಲುಕದೆ ಉಳಿದ ಚಾಲಕರ ರೂಢಿಗಳು ಗಮನಾರ್ಹವಾದುವು.

ಅವುಗಳಲ್ಲಿ ಮೊದಲನೆಯದು, ಮುಂದಿನ ವಾಹನದಿಂದ ಸಾಕಷ್ಟು ಅಂತರವನ್ನು ಇಟ್ಟುಕೊಳ್ಳುವುದು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವ ವಾಹನವು ಒಂದು ಸೆಕೆಂಡಿಗೆ ಸುಮಾರು 17 ಮೀಟರು ದೂರ ಸಾಗುವುದು. ಅಪಾಯವನ್ನು ಕಣ್ಣು ಕಂಡು ಕಾಲು ಬ್ರೇಕನ್ನು ಮುಟ್ಟುವಷ್ಟರಲ್ಲಿಯೇ 25 ಮೀಟರು ಕಳೆಯಬಹುದು. ಆ ಬಳಿಕ ಒಣರಸ್ತೆಯಲ್ಲಿ ಇನ್ನು 20 ಮೀಟರೂ, ಒದ್ದೆರಸ್ತೆಯಲ್ಲಿ 35 ಮೀಟರೂ ಬೇಕಾಗುವುದು. ಹೇರು ಹೆಚ್ಚಿದ ಲಾರಿಗೆ ಇದೂ ಸಾಲದು. ವೇಗವು ಎರಡು ಪಟ್ಟಾದರೆ ಬ್ರೇಕು ಹಿಡಿಯುವ ದೂರವು ನಾಲ್ಕು ಪಟ್ಟಾಗುವುದೆಂಬುದನ್ನು ಮರೆಯಕೂಡದು. ಮುಂದಿನ ವಾಹನವು ಒಂದು ಮರವನ್ನೋ ಕಂಬವನ್ನೋ ದಾಟಿದ ಮೇಲೆ ತಾನು ಅಲ್ಲಿಗೆ ತಲಪಲು ಕಡಮೆಯೆಂದರೆ ಎರಡು ಸೆಕೆಂಡು, ಮಳೆಯಲ್ಲಿ ನಾಲ್ಕು ಸೆಕೆಂಡು ಹಿಡಿಯುವಂತೆ ನೋಡಿಕೊಳ್ಳುವುದು ಸುಲಭವಾದ ಲೆಕ್ಕ.

ಎರಡನೆಯದು, ಮೊದಲ ಮಳೆಯನ್ನು ನಂಬದಿರುವುದು. ಬೇಸಗೆಯ ಧೂಳೂ ವಾಹನಗಳಿಂದ ಸೋರಿದ ಎಣ್ಣೆಯೂ ಹೊಸ ನೀರಿನೊಡನೆ ಬೆರೆತು ರಸ್ತೆಯು ಜಾರುವುದು. ಟಯರಿನ ಗೀರುಗಳು ಸವೆದಿದ್ದರೆ ನೀರು ಹೊರಹೋಗಲಾರದೆ ಚಕ್ರವು ನೆಲದ ಹಿಡಿತವನ್ನೇ ಬಿಡುವುದು. ಆದುದರಿಂದ ಟಯರು, ಬ್ರೇಕು, ದೀಪ, ಗಾಜೊರಸುವ ಕಡ್ಡಿ ಇವುಗಳ ಪರೀಕ್ಷೆಯನ್ನು ಮುಂಗಾರಿಗೆ ಮುಂಚಿತವಾಗಿಯೇ ಮುಗಿಸತಕ್ಕದ್ದು.

ಮೂರನೆಯದು ಘಟ್ಟವಿಳಿಯುವ ಕ್ರಮ. ಇಳಿಜಾರಿನಲ್ಲಿ ಬ್ರೇಕನ್ನು ಬಿಡದೆ ಒತ್ತಿದರೆ ಅದು ಕಾದು ಶಕ್ತಿಗುಂದುವುದು. ಯಾವ ಗೇರಿನಲ್ಲಿ ಏರಬೇಕಾಗುವುದೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಹಳೆಯ ಚಾಲಕರ ಸೂತ್ರ. ಎಣ್ಣೆ ಉಳಿಸುವ ಆಶೆಯಿಂದ ಯಂತ್ರವನ್ನು ನಿಲ್ಲಿಸಿ ಇಳಿಯುವುದು ಅನರ್ಥಕ್ಕೆ ದಾರಿ. ಇಕ್ಕಟ್ಟಾದ ಕಡೆಯಲ್ಲಿ ಏರುವ ವಾಹನಕ್ಕೆ ಇಳಿಯುವವನು ಎಡೆಗೊಡಬೇಕೆಂಬುದು ಕಾನೂನೂ ಹೌದು, ಮರ್ಯಾದೆಯೂ ಹೌದು. ಎದುರು ದಾರಿ ಕಾಣದ ತಿರುವಿನಲ್ಲಿ ಮುಂದಿನ ವಾಹನವನ್ನು ಹಿಂದಿಕ್ಕಲೇ ಕೂಡದು.

ಇವೆಲ್ಲಕ್ಕೂ ಮೂಲವಾದುದು ಒಂದಿದೆ: ತನ್ನ ತಪ್ಪನ್ನು ಮಾತ್ರವಲ್ಲದೆ ಪರರ ತಪ್ಪನ್ನೂ ಮುಂಗಂಡು ನಡೆಯುವುದು. ನಂತೂರು, ಪಂಪ್‌ವೆಲ್ ಮುಂತಾದ ಕೂಡುರಸ್ತೆಗಳಲ್ಲಿ ನಿಂತ ಬಸ್ಸಿನ ಮರೆಯಿಂದ ಮನುಷ್ಯನೊಬ್ಬನು ಬರಬಹುದೆಂದೂ, ಹಳ್ಳಿಯ ಬಳಿ ಉರುಳಿಬಂದ ಚೆಂಡಿನ ಹಿಂದೆ ಮಗುವೂ, ಕರುವಿನ ಹಿಂದೆ ಹಸುವೂ ಬರುವುದೆಂದೂ ತಿಳಿದೇ ಅನುಭವಿಯು ವೇಗವನ್ನು ತಗ್ಗಿಸುವನು. ತನಗೆ ದಾರಿಯ ಹಕ್ಕಿದ್ದರೂ ಅದನ್ನು ಬಿಟ್ಟುಕೊಟ್ಟವನಿಗೆ ನಷ್ಟವಾಗುವುದು ಅರೆನಿಮಿಷ ಮಾತ್ರ.

ಗ್ರಾಮಪ್ರಮುಖರ ಹೊಣೆಯೂ ಇದರಲ್ಲಿ ಸೇರಿದೆ. 2013ರ ಏಪ್ರಿಲಿನಲ್ಲಿ ಉಪ್ಪಿನಂಗಡಿಗೆ ಸಮೀಪದ ಪೆರ್ನೆಯಲ್ಲಿ ಅಡಿಗೆ ಅನಿಲದ ಟ್ಯಾಂಕರು ಮಗುಚಿ, ಹೊತ್ತಿಕೊಂಡ ಬೆಂಕಿಗೆ ಹಲವರು ಬಲಿಯಾದರು. ಆ ಅನಿಲವು ಗಾಳಿಗಿಂತ ಭಾರವಾದುದರಿಂದ ತಗ್ಗಿನ ಕಡೆಗೆ ಹರಿದು ನಿಲ್ಲುವುದು. ಇಂಥ ಸಂದರ್ಭದಲ್ಲಿ ಕುತೂಹಲದಿಂದ ಗುಂಪುಗೂಡದೆ, ಒಲೆಯನ್ನಾಗಲಿ ದೀಪವನ್ನಾಗಲಿ ಹೊತ್ತಿಸದೆ, ವಿದ್ಯುತ್ತಿನ ಗುಂಡಿಯನ್ನು ಮುಟ್ಟದೆ, ವಾಹನವನ್ನು ಚಾಲೂ ಮಾಡದೆ, ಗಾಳಿ ಬೀಸಿಬರುವ ದಿಕ್ಕಿಗೆ, ಎತ್ತರವಾದ ನೆಲಕ್ಕೆ ಜನರನ್ನು ಸಾಗಿಸಿ 112ಕ್ಕೆ ತಿಳಿಸತಕ್ಕದ್ದು. ಯಾವುದೇ ಅಪಘಾತದಲ್ಲಿ ಗಾಯಗೊಂಡವರನ್ನು ಎತ್ತಲು ಹಿಂಜರಿಯಬೇಕಾದುದಿಲ್ಲ; ಸದ್ಭಾವದಿಂದ ನೆರವಾದವರಿಗೆ 2019ರ ಮೋಟಾರು ವಾಹನ ಕಾಯಿದೆಯ ತಿದ್ದುಪಡಿಯು ರಕ್ಷಣೆಯನ್ನು ಕೊಟ್ಟಿದೆ.

ಭೂಮಾಲಿಕರು ತಮ್ಮ ಟ್ರಾಕ್ಟರು, ಟ್ರೇಲರುಗಳ ಹಿಂಬದಿಗೆ ಬೆಳಕನ್ನು ಪ್ರತಿಫಲಿಸುವ ಪಟ್ಟಿಗಳನ್ನು ಅಂಟಿಸುವುದೂ, ಫಸಲನ್ನು ರಸ್ತೆಯ ಮೇಲೆ ಒಣಗಿಸದಿರುವುದೂ, ರಾತ್ರಿ ದನಗಳನ್ನು ಕಟ್ಟಿಹಾಕುವುದೂ ಅವಶ್ಯಕವು. ಮಿತಿಮೀರಿ ಹೇರು ತುಂಬಬಾರದು. ಹಗಲೆಲ್ಲ ಅಂಗಳದಲ್ಲಿ ದುಡಿದವನನ್ನು ರಾತ್ರಿ ಘಟ್ಟದ ದಾರಿಗೆ ಕಳುಹಿಸಬಾರದು. ಚಾಲಕನ ಅವಸರವು ಅನೇಕ ವೇಳೆ ಯಜಮಾನನ ಅವಸರವೇ ಆಗಿರುವುದು. ಬೆಳಗಿನ ಧಾರಣೆ ತಪ್ಪಿದರೆ ಮರುದಿನದ ಧಾರಣೆ ಇದೆ. ‘ತಡವಾದರೂ ಚಿಂತೆಯಿಲ್ಲ, ಕ್ಷೇಮವಾಗಿ ಬಾ’ ಎಂದು ಹೊರಡುವಾಗಲೇ ಹೇಳಿ ಕಳುಹಿಸುವ ಯಜಮಾನನ ಮಾಲೂ ಆಳೂ ಮನೆ ಸೇರುವ ಭರವಸೆ ಹೆಚ್ಚು.